ನಮ್ಮ ಕೆರೆಗೆ ನೀರು ತರುವ ಕಾಲುವೆ ಪಕ್ಕದ ಪಂಚಾಯತಿಯಲ್ಲಿದೆ. ಯಾರನ್ನು ಕೇಳಬೇಕು?

ಮಾಲೂರು ಕಡೆಯವ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಸಣ್ಣ ಊರು ನಮ್ಮದು. ಹೆಸರು ಬೇಡ. ಹೇಳಿದರೆ ನಾಳೆ ಟೀ ಅಂಗಡಿಯಲ್ಲಿ ನನಗೇ ಕ್ಲಾಸ್ ಆಗುತ್ತದೆ.

ಮೇಲಿನ ಊರಿನ ಕೆರೆ ಕೋಡಿ ಬಿದ್ದರೆ ಮಾತ್ರ ನಮ್ಮ ಕೆರೆ ತುಂಬೋದು. ನಡುವೆ ಒಂದು ಕಾಲುವೆ. ಹೋದ ಮಳೆಗಾಲದಲ್ಲಿ ಮೇಲಿನ ಕೆರೆ ಚೆನ್ನಾಗಿಯೇ ಕೋಡಿ ಹರಿಯಿತು. ನಮ್ಮ ಕೆರೆಗೆ ಬಂದದ್ದು ಮೊಣಕಾಲುದ್ದ ನೀರು. ಉಳಿದದ್ದೆಲ್ಲ ಯಾರದೋ ಟೊಮೆಟೊ ಹೊಲಕ್ಕೆ ನುಗ್ಗಿ, ಅಲ್ಲೇ ನಿಂತು, ಗಿಡ ಕೊಳೆಸಿತು.

ಕಾರಣ ಹುಡುಕಿಕೊಂಡು ಕಾಲುವೆ ಉದ್ದಕ್ಕೂ ನಡೆದೆ. ಪಕ್ಕದ ಪಂಚಾಯತಿಯವರು ಕಾಲುವೆಗೆ ಅಡ್ಡವಾಗಿ ಸಿಮೆಂಟ್ ರಸ್ತೆ ಹಾಕಿದ್ದಾರೆ. ಕೆಳಗೆ ನೀರು ಹೋಗಲು ಒಂದೇ ಒಂದು ಪೈಪು, ಎರಡು ಅಡಿ ಅಗಲದ್ದು. ಕಾಲುವೆ ಇರೋದು ಹತ್ತು ಅಡಿ! ಆ ಪೈಪಿನ ಬಾಯಲ್ಲಿ ತೆಂಗಿನ ಗರಿ, ಎಣ್ಣೆ ಪ್ಯಾಕೆಟ್ಟು, ಎಲ್ಲಕ್ಕಿಂತ ಜಾಸ್ತಿ ಟೊಮೆಟೊ ಹೊಲದಿಂದ ಕಿತ್ತು ಎಸೆದ ಮಲ್ಚಿಂಗ್ ಶೀಟು, ಅಂದರೆ ಗಿಡದ ಬುಡಕ್ಕೆ ಹಾಸುವ ಪ್ಲಾಸ್ಟಿಕ್. ಕೈ ಹಾಕಿ ಎಳೆದರೆ ಸೀರೆ ಥರ ಬರುತ್ತಲೇ ಇರುತ್ತದೆ.

ನಮ್ಮ ಪಂಚಾಯತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಅವರನ್ನು ಕೇಳಿದೆ. "ಅದು ನಮ್ಮ ವ್ಯಾಪ್ತಿ ಅಲ್ಲ" ಅಂದರು. ಪಕ್ಕದವರನ್ನು ಕೇಳಿದರೆ "ರಸ್ತೆ ನಮ್ಮದು, ಕಾಲುವೆ ಕಂದಾಯ ಇಲಾಖೆಯದು" ಅಂದರು. ಸಣ್ಣ ನೀರಾವರಿಯವರು "ನಿಮ್ಮ ಕೆರೆ ನಮ್ಮ ಪಟ್ಟಿಯಲ್ಲೇ ಇಲ್ಲ" ಅಂದರು. ಹಾಗಾದರೆ ಯಾರ ಪಟ್ಟಿಯಲ್ಲಿದೆ? ತಿಳಿದವರು ಹೇಳಿ.

ಮಾಜಿ ಮೆಂಬರ್

ಮೂವರೂ ಸುಳ್ಳು ಹೇಳಿಲ್ಲ. ಅದೇ ತಮಾಷೆ.

ಕೆರೆಯ ಅಚ್ಚುಕಟ್ಟು, ಅಂದರೆ ಕೆರೆ ನೀರು ಹಾಯುವ ಜಮೀನು, 40 ಹೆಕ್ಟೇರ್‌ನಿಂದ 2,000 ಹೆಕ್ಟೇರ್‌ವರೆಗೆ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. 40ಕ್ಕಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆ ಬರುತ್ತದೆ. ನೆಲ ಮಾತ್ರ ಸರ್ಕಾರದ್ದು, ಅಂದರೆ ಒತ್ತುವರಿ ಅಂತ ಬಂದರೆ ತಹಶೀಲ್ದಾರ್. ಅಳತೆ ಸರ್ವೆಯವರದು. ಕೆರೆ ಅಂಗಳದ ಜಾಲಿ ಕಡಿಯಬೇಕಾದರೆ ಅರಣ್ಯ ಇಲಾಖೆಯನ್ನೂ ಕೇಳು ಅನ್ನುತ್ತಾರೆ. ಮೀನು ಹರಾಜು ಅಂದಾಗ ಮಾತ್ರ ಎಲ್ಲರಿಗೂ ಕೆರೆ ನೆನಪಾಗುತ್ತದೆ.

ಹಿಂದೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತೋದು, ಕಾಲುವೆ ಬಿಡಿಸೋದು, ಯಾವ ಗದ್ದೆಗೆ ಎಷ್ಟು ಹೊತ್ತು ಅಂತ ನೋಡೋದು ಅವನ ಕೆಲಸ. ಈಗಲೂ ಪಂಚಾಯತಿಯಲ್ಲಿ ನೀರುಗಂಟಿ ಇದ್ದಾನೆ. ಆದರೆ ಅವನು ಬೋರ್‌ವೆಲ್ ಮೋಟರ್ ಆನ್ ಮಾಡುವವನು. ಕೆರೆ ಕಡೆ ಅವನಿಗೆ ಕೆಲಸವೇ ಇಲ್ಲ.

ಸುಮ್ನೆ ಓದೋನು

ಪಂಚಾಯತಿಗೆ ಕೋಟಿಗಟ್ಟಲೆ ದುಡ್ಡು ಬರುತ್ತೆ ಅಂತಾರಲ್ಲ, ಒಂದು ಪೈಪ್ ತೆಗೆದು ಮೋರಿ ಕಟ್ಟೋಕೆ ಏನು ಕಷ್ಟ? ಸುಮ್ನೆ ನೆಪ ಅಷ್ಟೇ.

ನಿವೃತ್ತ ಲೆಕ್ಕಿಗ

ನೆಪ ಅಲ್ಲ ಸರ್. ಲೆಕ್ಕ ಬರೆದವನು ನಾನು, ಕೇಳಿ.

ದೊಡ್ಡ ಹಣ ಬರೋದು ಕೇಂದ್ರದ ಹಣಕಾಸು ಆಯೋಗದಿಂದ. 15ನೇ ಆಯೋಗದಲ್ಲಿ 2021ರ ನಂತರ ಬಂದ ಹಣದಲ್ಲಿ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಅನಿರ್ಬಂಧಿತ. ಅನಿರ್ಬಂಧಿತ ಅಂದ ಮಾತ್ರಕ್ಕೆ ಕೈಗೆ ಬಂದಂತೆ ಖರ್ಚು ಮಾಡುವ ಹಾಗಿಲ್ಲ. ಸಂಬಳಕ್ಕೆ ಮುಟ್ಟುವಂತಿಲ್ಲ. ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಗ್ರಾಮಸಭೆ ಒಪ್ಪಬೇಕು, ಎಂಜಿನಿಯರ್ ಅಂದಾಜು ಪಟ್ಟಿ ಮಾಡಬೇಕು. ಆ ಶೇ 40ಕ್ಕೆ ಪ್ರತಿ ಸದಸ್ಯರೂ "ನನ್ನ ವಾರ್ಡಿಗೆ ರಸ್ತೆ, ಚರಂಡಿ" ಅಂತ ಕೂತಿರುತ್ತಾರೆ. ಹಂಚಿದರೆ ಒಬ್ಬೊಬ್ಬರ ಪಾಲಿಗೆ ಎಷ್ಟು ಬರುತ್ತೆ ನೀವೇ ಯೋಚಿಸಿ.

ಇನ್ನು ಸ್ವಂತ ದುಡ್ಡು ಅಂದರೆ ಮನೆ ಕಂದಾಯ, ನೀರಿನ ಕರ, ಅಂಗಡಿ ಬಾಡಿಗೆ. ನೀರುಗಂಟಿಗಳಿಗೆ, ಬಿಲ್ ಕಲೆಕ್ಟರ್‌ಗೆ ಕೊಡಬೇಕಾದ್ದು, ಬೀದಿ ದೀಪ, ಸುಟ್ಟ ಮೋಟರಿನ ರಿವೈಂಡಿಂಗ್. ಅಲ್ಲಿಗೆ ಮುಗಿಯಿತು. ನರಸಾಪುರ, ವೇಮಗಲ್ ಥರ ಕೈಗಾರಿಕಾ ಪ್ರದೇಶ ಪಕ್ಕದಲ್ಲಿದ್ದರೆ ಕಾರ್ಖಾನೆ ಕಂದಾಯ ಬರುತ್ತದೆ, ಆ ಪಂಚಾಯತಿಗಳ ಕಥೆಯೇ ಬೇರೆ. ಆಂಧ್ರ ಗಡಿ ಕಡೆಯ ಪಂಚಾಯತಿಗೆ ಹೋಗಿ ನೋಡಿ, ಕಂದಾಯ ಕೇಳಲು ಹೋದವನಿಗೆ "ಮೊದಲು ನೀರು ಬಿಡಿ" ಅನ್ನುತ್ತಾರೆ. ತಪ್ಪೇನಿಲ್ಲ ಅವರದು.

ಸುಮ್ನೆ ಓದೋನು

ಕುಡಿಯುವ ನೀರಿನ ದುಡ್ಡಲ್ಲೇ ಕೆರೆ ಕೆಲಸ ಮಾಡಬಹುದಲ್ವಾ? ಕೆರೆ ತುಂಬಿದರೆ ಬೋರ್‌ವೆಲ್ ತಾನೇ ತುಂಬುತ್ತೆ.

ನಿವೃತ್ತ ಲೆಕ್ಕಿಗ

ಸರಿಯಾದ ಪ್ರಶ್ನೆ. ಆ ಭಾಗದಲ್ಲಿ ಮಳೆನೀರು ಸಂಗ್ರಹಕ್ಕೆ ಅವಕಾಶ ಇದೆ. ಆದರೆ ಕಾಲುವೆ ಮೋರಿಯನ್ನು "ಮಳೆನೀರು ಸಂಗ್ರಹ" ಅಂತ ಬರೆಯಲು ಎಂಜಿನಿಯರಿಗೆ ಧೈರ್ಯ ಬೇಕು. ಆಡಿಟ್‌ನವರು ಆಕ್ಷೇಪಣೆ ಬರೆದರೆ ಉತ್ತರ ಕೊಡಬೇಕಾದವರು ಪಿಡಿಒ. ಅದಕ್ಕೇ ಎಲ್ಲರೂ ಹೊಸ ಬೋರ್‌ವೆಲ್ ಕೊರೆಸಿ ಕೈ ತೊಳೆದುಕೊಳ್ಳುತ್ತಾರೆ. ಅದಕ್ಕೆ ಯಾರೂ ಪ್ರಶ್ನೆ ಕೇಳಲ್ಲ. ಸಾವಿರ ಅಡಿ ಕೊರೆದು ಬರೀ ಧೂಳು ಬಂದರೂ ಬಿಲ್ ಪಾಸ್.

ರೇಷ್ಮೆಗೂಡು

ನಾನು ಹಿಪ್ಪುನೇರಳೆ ಬೆಳೆಯೋಳು, ಕೋಲಾರ ತಾಲ್ಲೂಕು. ಕೆರೆ ವಿಷಯ ಬಂದ ಮೇಲೆ ಕೆ.ಸಿ. ವ್ಯಾಲಿ ಬಿಟ್ಟರೆ ಹೇಗೆ?

ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡುವ ಯೋಜನೆ ಅದು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಅಂತ ಶುರು ಮಾಡಿದರು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಮುಂದಿನ ತಿಂಗಳೇ ನೊರೆ ಎದ್ದು, ಹೈಕೋರ್ಟ್ ತಡೆ ಕೊಟ್ಟಿತು. ಆಮೇಲೆ ಮತ್ತೆ ಬಿಟ್ಟರು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ, ಅದೂ ಕೆಲವೇ ತಿಂಗಳಲ್ಲಿ ತೆರವಾಯಿತು. ಎರಡೇ ಹಂತ ಶುದ್ಧ ಮಾಡುತ್ತಾರೆ, ಮೂರನೇ ಹಂತವೂ ಬೇಕು ಅನ್ನುವ ಹೋರಾಟ ಇನ್ನೂ ನಿಂತಿಲ್ಲ.

ನನ್ನ ಮಾತು ಕೇಳಿದರೆ, ಒಣಗಿದ್ದ ನಮ್ಮ ಬೋರ್‌ವೆಲ್‌ನಲ್ಲಿ ನೀರು ಬಂದಿದೆ. ಅದನ್ನು ಇಲ್ಲ ಅನ್ನಲಾರೆ. ಆದರೆ ಮೊಮ್ಮಕ್ಕಳಿಗೆ ಆ ನೀರು ಕುಡಿಸಲ್ಲ, ಕ್ಯಾನ್ ತರಿಸುತ್ತೇನೆ. ಎರಡೂ ನಿಜ.

ಇಲ್ಲಿ ಹೇಳಬೇಕಾದ್ದು ಬೇರೆ. ಲಕ್ಷ್ಮೀಸಾಗರಕ್ಕೆ ಪಂಪ್ ಮಾಡಿದ ನೀರು ಅಲ್ಲಿಂದ ಮುಂದಕ್ಕೆ ಜಾಸ್ತಿ ಕಡೆ ಹರಿಯೋದು ಹಳೇ ಕಾಲುವೆಯಲ್ಲೇ. ಒಂದು ಕೆರೆ ಕೋಡಿ ಬಿದ್ದು ಇನ್ನೊಂದಕ್ಕೆ. ಮುಚ್ಚಿಹೋಗಿದ್ದ ಕಾಲುವೆಗಳನ್ನು ಆಗ ಜೆಸಿಬಿ ತಂದು ಬಿಡಿಸಿದರು. ಪಂಚಾಯತಿ ಗಡಿ ಅಂತ ಯಾರೂ ನೋಡಲಿಲ್ಲ. ಅಂದರೆ ಮೇಲಿನವರಿಗೆ ಬೇಕು ಅನ್ನಿಸಿದರೆ ಆಗುತ್ತೆ. ಆ ಯೋಜನೆಯ ಪಟ್ಟಿಯಲ್ಲಿಲ್ಲದ ಕೆರೆಗಳ ಪಾಡು ಮಾತ್ರ ನಿಮ್ಮ ಊರಿನ ಹಾಗೆ.

ಹ್ಯಾಮಿಲ್ಟನ್ ಕನ್ನಡಿಗ

ನಾನಿರೋದು ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ. ಊರು ಚಿಂತಾಮಣಿ ಕಡೆ, ಅದಕ್ಕೇ ಈ ಚರ್ಚೆ ಪೂರ್ತಿ ಓದಿದೆ.

ಇಲ್ಲಿ ಮನೆ ಇರುವವರಿಗೆ ಎರಡು ತೆರಿಗೆ ಬಿಲ್ ಬರುತ್ತದೆ. ಒಂದು ಸಿಟಿ ಕೌನ್ಸಿಲ್‌ದು. ಕುಡಿಯುವ ನೀರು, ಊರಿನ ರಸ್ತೆ, ಕಸ, ಗ್ರಂಥಾಲಯ ಅವರದು. ಇನ್ನೊಂದು ರೀಜನಲ್ ಕೌನ್ಸಿಲ್‌ದು. ನದಿ, ಪ್ರವಾಹದ ಒಡ್ಡು, ನೆಲದಿಂದ ಎಷ್ಟು ನೀರು ಎತ್ತಬಹುದು ಅನ್ನುವ ಅನುಮತಿ, ಗಾಳಿ, ಕರಾವಳಿ ಅವರ ಕೆಲಸ. ವಿಚಿತ್ರ ಅಂದರೆ ಊರಿನ ಬಸ್ಸೂ ಅವರದೇ.

1989ರಲ್ಲಿ ಈ ರೀಜನಲ್ ಕೌನ್ಸಿಲ್‌ಗಳನ್ನು ಮಾಡಿದಾಗ ಗಡಿ ಹಾಕಿದ್ದು ಹೆಚ್ಚಾಗಿ ಜಲಾನಯನ ನೋಡಿ. ವೈಕಾಟೊ ನದಿ 425 ಕಿಲೋಮೀಟರ್. ಅದು ಹೊರಡುವ ಟೌಪೊ ಸರೋವರದಿಂದ ಸಮುದ್ರ ಸೇರುವ ಜಾಗದವರೆಗೆ ಒಂದೇ ರೀಜನಲ್ ಕೌನ್ಸಿಲ್. ಟೌಪೊ ಸುತ್ತ ಹಸು ಸಾಕುವ ಫಾರ್ಮ್‌ಗಳಿಂದ ಸಾರಜನಕ ಸರೋವರಕ್ಕೆ ಇಳಿಯುತ್ತಿತ್ತು. ಅದನ್ನು ಶೇ 20ರಷ್ಟು ಇಳಿಸಬೇಕು ಅಂತ ಕೇಂದ್ರ ಸರ್ಕಾರ, ರೀಜನಲ್ ಕೌನ್ಸಿಲ್, ಅಲ್ಲಿನ ಜಿಲ್ಲಾ ಕೌನ್ಸಿಲ್ ಮೂವರೂ ದುಡ್ಡು ಹಾಕಿದರು. ಪ್ರತಿ ಫಾರ್ಮಿಗೂ ಇಷ್ಟೇ ಸಾರಜನಕ ಅಂತ ಮಿತಿ ಹಾಕಿದರು, ತಮ್ಮ ಪಾಲನ್ನು ಬಿಟ್ಟುಕೊಟ್ಟವರಿಗೆ ದುಡ್ಡು ಕೊಟ್ಟರು.

ನದಿ ಕೆಲಸದ ತೆರಿಗೆಯೂ ಎಲ್ಲರಿಗೂ ಒಂದೇ ಅಲ್ಲ. ಒಡ್ಡಿನಿಂದ ಯಾರ ಜಮೀನು ಉಳಿಯುತ್ತದೋ ಅವರು ಜಾಸ್ತಿ ಕೊಡಬೇಕು. ಇದು ನನಗೆ ತುಂಬಾ ಹಿಡಿಸಿದ್ದು.

ಸುಮ್ನೆ ಓದೋನು

ಬಂತು ನೋಡಿ ಫಾರಿನ್ ಕಥೆ. ಅಲ್ಲಿ ಎಲ್ಲ ಸರಿ, ಇಲ್ಲಿ ಎಲ್ಲ ಹಾಳು.

ಹ್ಯಾಮಿಲ್ಟನ್ ಕನ್ನಡಿಗ

ಎಲ್ಲ ಸರಿ ಅಂತ ಯಾರು ಹೇಳಿದರು ಗುರುವೇ? 2016ರಲ್ಲಿ ಹ್ಯಾವ್‌ಲಾಕ್ ನಾರ್ತ್ ಅನ್ನುವ ಸಣ್ಣ ಊರಿನಲ್ಲಿ ನಲ್ಲಿ ನೀರು ಕುಡಿದು 5,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಸಾವೂ ಆಯಿತು. ಜೋರು ಮಳೆಗೆ ಕುರಿ ಹಿಕ್ಕೆ ತೊಳೆದು ಬಂದು ಬೋರ್‌ವೆಲ್ ನೀರಿಗೆ ಸೇರಿತ್ತು. ನೆಲದಡಿಯ ನೀರು ಕಾಯಬೇಕಾದವರು ರೀಜನಲ್ ಕೌನ್ಸಿಲ್, ನಲ್ಲಿಗೆ ಬಿಡುವವರು ಜಿಲ್ಲಾ ಕೌನ್ಸಿಲ್. ತನಿಖೆ ಮಾಡಿದವರು ಇಬ್ಬರನ್ನೂ ಬೈದರು, ಇಬ್ಬರಿಗೂ ಹೊಂದಾಣಿಕೆ ಇರಲಿಲ್ಲ ಅಂತ ಬರೆದರು. ನಿಮ್ಮ "ವ್ಯಾಪ್ತಿ ಅಲ್ಲ" ಮಾತು ಇಲ್ಲೂ ಇದೆ.

ಇನ್ನೊಂದು. ಕ್ಯಾಂಟರ್ಬರಿ ಕಡೆ ನೀರಿನ ಅನುಮತಿ ಕೊಡೋದು ತಡ ಅಂತ 2010ರಲ್ಲಿ ಕೇಂದ್ರ ಸರ್ಕಾರ ಅಲ್ಲಿನ ಚುನಾಯಿತ ಕೌನ್ಸಿಲರ್‌ಗಳನ್ನೇ ಮನೆಗೆ ಕಳಿಸಿ ಆಡಳಿತಾಧಿಕಾರಿಗಳನ್ನು ಕೂರಿಸಿತು. ಪೂರ್ತಿ ಚುನಾಯಿತ ಕೌನ್ಸಿಲ್ ವಾಪಸ್ ಬಂದದ್ದು 2019ರಲ್ಲಿ. ಅದಕ್ಕಾಗಿಯೇ ಒಂದು ಕಾಯ್ದೆ ಮಾಡಿದ್ದರು.

ಮಾಜಿ ಮೆಂಬರ್

ನಮ್ಮಲ್ಲಿ ಅಷ್ಟೆಲ್ಲ ಕಷ್ಟ ಬೇಡವಾಯಿತು. ಜಿಲ್ಲಾ ಪಂಚಾಯತಿ, ತಾಲ್ಲೂಕು ಪಂಚಾಯತಿಗೆ ಕೊನೆಯ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಎಳೆದಾಡಿ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ನಡೆಸಿದರು.

ಅದಕ್ಕೇ ಹೇಳೋದು, ಎರಡು ಗ್ರಾಮ ಪಂಚಾಯತಿ ನಡುವಿನ ಜಗಳ ಬಿಡಿಸಲು ಚುನಾಯಿತನಾದ ಒಬ್ಬ ಮನುಷ್ಯ ಇಲ್ಲ. ಶಾಸಕರ ಹತ್ತಿರ ಹೋಗಬೇಕು. ಶಾಸಕರಿಗೆ ಎರಡು ಅಡಿ ಪೈಪು ಎಲ್ಲಿ ಕಾಣುತ್ತೆ?

ನಿವೃತ್ತ ಲೆಕ್ಕಿಗ

ಇದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ, ಯಾರೂ ಮಾತಾಡದ ಲೆಕ್ಕ. ಹಣಕಾಸು ಆಯೋಗದ ದುಡ್ಡನ್ನು ನಮ್ಮ ರಾಜ್ಯದಲ್ಲಿ ಹಂಚುತ್ತಿದ್ದದ್ದು ಗ್ರಾಮ ಪಂಚಾಯತಿಗೆ ಶೇ 85, ತಾಲ್ಲೂಕಿಗೆ 10, ಜಿಲ್ಲೆಗೆ 5. ಆ ಹತ್ತು, ಆ ಐದು ಇರೋದೇ ಒಂದು ಊರಿಗೆ ಸೇರದ ಕೆಲಸಗಳಿಗೆ. ಆದರೆ ಚುನಾಯಿತ ಸದಸ್ಯರು ಇಲ್ಲದ ಹಂತಕ್ಕೆ ಆಯೋಗದ ದುಡ್ಡು ಬಿಡುಗಡೆ ಮಾಡುವಂತಿಲ್ಲ ಅಂತ ನಿಯಮ. ಚುನಾವಣೆ ಇಲ್ಲ, ದುಡ್ಡೂ ಇಲ್ಲ. ಕಾಲುವೆ ಕೆಲಸಕ್ಕೆ ಸರಿಹೊಂದುವ ದುಡ್ಡು ಅದೊಂದೇ ಇತ್ತು.

ಕಡಲತಡಿ

ಕುಂದಾಪುರ ಕಡೆಯವಳು ನಾನು, ಕಸದ ಗಾಡಿಯ ಕೆಲಸ. ಕೆರೆ ವಿಷಯ ಜಾಸ್ತಿ ಗೊತ್ತಿಲ್ಲ. ಆದರೆ ಪಂಚಾಯತಿಗಳು ಒಟ್ಟಿಗೆ ಕೆಲಸ ಮಾಡುವುದೇ ಇಲ್ಲ ಅಂದರೆ ಒಪ್ಪಲ್ಲ.

ನಮ್ಮ ಉಡುಪಿ ಜಿಲ್ಲೆಯಲ್ಲಿ ಕಾರ್ಕಳದ ಹತ್ತಿರ ನಿಟ್ಟೆಯಲ್ಲಿ ಒಣಕಸ ವಿಂಗಡಿಸುವ ದೊಡ್ಡ ಘಟಕ ಇದೆ. ದಿನಕ್ಕೆ 10 ಟನ್ ಸಾಮರ್ಥ್ಯ. ಹತ್ತಾರು ಪಂಚಾಯತಿಗಳ ಒಣಕಸ ಅಲ್ಲಿಗೇ ಹೋಗುತ್ತದೆ. ಒಂದೊಂದು ಪಂಚಾಯತಿಯೂ ಕಸ ಒತ್ತಿ ಕಟ್ಟುವ ಬೇಲಿಂಗ್ ಯಂತ್ರ, ಗೋಡೌನ್ ಅಂತ ಹೊರಟಿದ್ದರೆ ಯಾರಿಂದಲೂ ಆಗುತ್ತಿರಲಿಲ್ಲ. ಮನೆಮನೆಗೆ ಹೋಗಿ ತರೋದು ಸಂಘದ ಹೆಂಗಸರು, ಗಾಡಿ ಓಡಿಸುವವರೂ ನಾವೇ. ಮನೆಯವರು ತಿಂಗಳಿಗೆ ಶುಲ್ಕ ಕೊಡಬೇಕು. ಶುರುವಿನಲ್ಲಿ "ಕಸ ಕೊಡೋದು ನಾವು, ದುಡ್ಡೂ ನಾವೇ ಕೊಡಬೇಕಾ" ಅಂತ ಬೈಸಿಕೊಂಡಿದ್ದೇವೆ.

ಮಾಲೂರಣ್ಣ, ನಿಮ್ಮ ಮಲ್ಚಿಂಗ್ ಶೀಟಿನ ಬಗ್ಗೆ ಒಂದು ಮಾತು. ಮಣ್ಣು ಮೆತ್ತಿಕೊಂಡು ಬಂದರೆ ಅದನ್ನು ಕೊಳ್ಳುವವರು ಸಿಗೋದು ಕಷ್ಟ. ಹೊಲದಲ್ಲೇ ಒಣಗಿಸಿ, ಕೊಡವಿ, ಸುತ್ತಿ ಇಟ್ಟರೆ ತಗೊಳ್ಳುವವರು ಸಿಗಬಹುದು. ಇಲ್ಲದಿದ್ದರೆ ನೀವು ಎಷ್ಟು ದೊಡ್ಡ ಮೋರಿ ಕಟ್ಟಿದರೂ ಅದರ ಬಾಯಿಗೇ ಬಂದು ಕೂರುತ್ತದೆ.

ರೇಷ್ಮೆಗೂಡು

ಅದು ನೂರಕ್ಕೆ ನೂರು ಸತ್ಯ ಅಕ್ಕ. ನಮ್ಮ ಕಡೆ ಬದುವಿನ ಮೇಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಾರೆ, ಇಲ್ಲ ಕಾಲುವೆಗೆ ತಳ್ಳುತ್ತಾರೆ. ಸಬ್ಸಿಡಿಯಲ್ಲಿ ಶೀಟು ಕೊಡುವ ಇಲಾಖೆಗೆ ವಾಪಸ್ ತಗೊಳ್ಳುವ ಜವಾಬ್ದಾರಿ ಇಲ್ಲವಾ? ಯಾರೂ ಕೇಳಲ್ಲ.

ಸರ್ವೆ ನಂಬರ್

ನಾನು ಪರವಾನಗಿ ಭೂಮಾಪಕ. ಇಷ್ಟು ಹೊತ್ತು ಸುಮ್ಮನಿದ್ದೆ.

ಮೊದಲು ಗ್ರಾಮ ನಕಾಶೆ ತೆಗೆಯಿರಿ. ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ. ಎರಡೂ ಊರಿನದು ಬೇಕು. ಕಾಲುವೆ ಎರಡು ಗೆರೆಯಲ್ಲಿ ಗುರುತಾಗಿರುತ್ತದೆ. ಪಹಣಿಯಲ್ಲಿ "ಬಿ ಖರಾಬು" (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಷ್ಟು ಗುಂಟೆ ಅಂತ ನೋಡಿ. ಕಾಲುವೆ, ದಾರಿ, ಹಳ್ಳ ಬಿ ಖರಾಬಿನಲ್ಲಿ ಬರುತ್ತವೆ. ಅದನ್ನು ಯಾರೂ ಉಳುವಂತಿಲ್ಲ, ಮಾರುವಂತಿಲ್ಲ. ಒತ್ತುವರಿ ಇದ್ದರೆ ತಹಶೀಲ್ದಾರರು ಭೂಕಂದಾಯ ಕಾಯ್ದೆಯ 104ನೇ ಕಲಂನಲ್ಲಿ ತೆರವು ಮಾಡಿಸಬಹುದು. ಜಾಸ್ತಿ ಆದರೆ ಬೆಂಗಳೂರಿನಲ್ಲಿ ಭೂಕಬಳಿಕೆ ವಿಶೇಷ ನ್ಯಾಯಾಲಯ ಇದೆ.

ಆದರೆ ನನ್ನ ಸಲಹೆ, ಒತ್ತುವರಿಯಿಂದ ಶುರು ಮಾಡಬೇಡಿ. ಅದು ಶುರುವಾದರೆ ಊರು ಎರಡು ಪಾಲು. ಪೈಪಿನಿಂದ ಶುರು ಮಾಡಿ. ಪೈಪ್ ಹಾಕಿದ್ದು ಪಂಚಾಯತಿ, ಅದಕ್ಕೆ ಕಾಗದ ಇದ್ದೇ ಇರುತ್ತದೆ.

ನಿವೃತ್ತ ಲೆಕ್ಕಿಗ

ಸರಿಯಾಗಿ ಹೇಳಿದರು. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಪಂಚಾಯತಿಯಲ್ಲೂ ಜಮಾಬಂದಿ ಆಗಬೇಕು. ವರ್ಷದ ಕಾಮಗಾರಿಗಳ ಕಡತ, ಅಳತೆ ಪುಸ್ತಕ ಎಲ್ಲ ಜನರ ಮುಂದೆ ಇಡಬೇಕು, ಸ್ಥಳಕ್ಕೂ ಹೋಗಿ ನೋಡಬೇಕು. ಜಾಸ್ತಿ ಕಡೆ ಟೀ, ಬಿಸ್ಕೆಟ್, ಸಹಿಯಲ್ಲಿ ಮುಗಿಯುತ್ತದೆ. ಆ ರಸ್ತೆಯ ಅಂದಾಜು ಪಟ್ಟಿ ಕೇಳಿ.

ಮಾಲೂರು ಕಡೆಯವ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಜಮಾಬಂದಿಗೆ ಪಕ್ಕದ ಪಂಚಾಯತಿಗೆ ಹೋಗಿದ್ದೆ, ಅಲ್ಲಿನ ಇಬ್ಬರು ರೈತರನ್ನೂ ಕರೆದುಕೊಂಡು. ಅವರಲ್ಲಿ ಒಬ್ಬರದೇ ಆ ನೀರು ನಿಂತ ಟೊಮೆಟೊ ಹೊಲ. ಅವರು ಮಾತಾಡಿದರು, ನಾನು ಹಿಂದೆ ಕೂತಿದ್ದೆ. ಅದೇ ಒಳ್ಳೆಯದಾಯಿತು. ಹೊರಗಿನವನು ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕಡತ ತೆಗೆದರು. ಯಾರಾದರೂ ದುಡ್ಡು ತಿಂದಿದ್ದಾರೆ ಅಂತ ಅಂದುಕೊಂಡಿದ್ದೆ. ಅಂದಾಜು ಪಟ್ಟಿಯಲ್ಲೇ "600 ಮಿ.ಮೀ. ಪೈಪ್ ಮೋರಿ" ಅಂತ ಇದೆ. ಬರೆದ ಹಾಗೇ ಹಾಕಿದ್ದಾರೆ. ಬಂದಿದ್ದ ಎಂಜಿನಿಯರ್ ಹೇಳಿದ್ದು, ಅಂದಾಜು ಮಾಡಿದ್ದು ಮಾರ್ಚ್‌ನಲ್ಲಿ. ಆಗ ಅಲ್ಲಿ ಜಾಲಿ ಬೆಳೆದ ಒಂದು ಒಣ ತಗ್ಗು. ಅದು ಕೆರೆ ಕಾಲುವೆ ಅಂತ ಯಾರೂ ಹೇಳಲಿಲ್ಲವಂತೆ. ನಕಾಶೆ ನೋಡುವ ರೂಢಿ ಇಲ್ಲ, ರಸ್ತೆ ಅಂದಾಜಿಗೆ ಅದನ್ನು ಯಾರೂ ಕೇಳೋದೂ ಇಲ್ಲ.

ಪೈಪು ತೆಗೆದು ಸ್ಲ್ಯಾಬ್ ಮೋರಿ ಕಟ್ಟೋಣ ಅಂತ ತಾತ್ವಿಕವಾಗಿ ಒಪ್ಪಿದ್ದಾರೆ. ಈಗ ದುಡ್ಡು. ನಮ್ಮ ಪಂಚಾಯತಿಯಿಂದ ಅರ್ಧ ಕೊಡಿಸಲು ಆಗುತ್ತದಾ?

ನಿವೃತ್ತ ಲೆಕ್ಕಿಗ

ನೇರವಾಗಿ ಕೊಡಬೇಡಿ. ನಿಮ್ಮ ದುಡ್ಡು ಅವರ ವ್ಯಾಪ್ತಿಯಲ್ಲಿ ಖರ್ಚಾದರೆ ಆಡಿಟ್ ಆಕ್ಷೇಪಣೆ ಗ್ಯಾರಂಟಿ. ಮೋರಿ ಅವರ ಕ್ರಿಯಾ ಯೋಜನೆಗೆ ಸೇರಲಿ, ಅವರ ಅನಿರ್ಬಂಧಿತ ಭಾಗದಲ್ಲಿ. ಅಲ್ಲಿಂದ ಕೆಳಗೆ ನಿಮ್ಮ ಗಡಿಯೊಳಗಿನ ಕಾಲುವೆ ಹೂಳು ತೆಗೆಯೋದು ನಿಮ್ಮ ಯೋಜನೆಗೆ. ಎರಡೂ ಗ್ರಾಮಸಭೆಯ ನಡಾವಳಿಯಲ್ಲಿ ಒಂದರದ್ದು ಇನ್ನೊಂದರಲ್ಲಿ ಉಲ್ಲೇಖ ಇರಲಿ. ಒಬ್ಬರು ಮಾಡಿ ಇನ್ನೊಬ್ಬರು ಬಿಟ್ಟರೆ ತಾಲ್ಲೂಕು ಪಂಚಾಯತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಮುಂದೆ ಇಡಲು ಕಾಗದ ಬೇಕು.

ಮಾಜಿ ಮೆಂಬರ್

ಕೆಡಿಪಿ ಸಭೆಗೂ, ಅಂದರೆ ಎಲ್ಲ ಇಲಾಖೆಗಳ ಕೆಲಸ ಪರಿಶೀಲಿಸುವ ಸಭೆಗೂ, ಒಂದು ಅರ್ಜಿ ಹಾಕಿ. ಕಂದಾಯ, ಸಣ್ಣ ನೀರಾವರಿ, ಪಂಚಾಯತ್ ರಾಜ್ ಎಂಜಿನಿಯರ್ ಎಲ್ಲ ಒಂದೇ ಕೋಣೆಯಲ್ಲಿ ಕೂರೋದು ಅಲ್ಲಿ ಮಾತ್ರ. ಜಿಲ್ಲಾ ಪಂಚಾಯತಿ ಸದಸ್ಯರಿದ್ದಾಗಲೂ ರಸ್ತೆಯನ್ನೇ ಕೇಳುತ್ತಿದ್ದರು, ಅವರನ್ನು ಹೊಗಳಲ್ಲ. ಆದರೆ ಆ ಸಭೆಯಲ್ಲಿ ಮೈಕ್ ಹಿಡಿದು ಕೇಳುವ ಹಕ್ಕಾದರೂ ಅವರಿಗಿತ್ತು.

ಮಾಲೂರು ಕಡೆಯವ

ಹಾಕುತ್ತೇನೆ ಅಣ್ಣ. ಕಾಲುವೆ ಅಳತೆಗೆ ತಹಶೀಲ್ದಾರರಿಗೂ ಅರ್ಜಿ ಕೊಟ್ಟಿದ್ದೇನೆ. ಒತ್ತುವರಿ ಅಂತ ಬರೆದಿಲ್ಲ, "ಗಡಿ ಗುರುತಿಸಿ ಕೊಡಿ" ಅಂತ ಮಾತ್ರ. ಮೋರಿ ಕಟ್ಟುವಾಗ ಅಗಲ ಎಷ್ಟು ಅಂತ ಗೊತ್ತಾಗಬೇಕಲ್ಲ.

ಸರ್ವೆ ನಂಬರ್

ಒಳ್ಳೆಯದು. ಅಕ್ಕಪಕ್ಕದ ಎಲ್ಲ ಹಿಡುವಳಿದಾರರಿಗೂ ನೋಟಿಸ್ ಹೋಗಿದೆಯಾ ನೋಡಿಕೊಳ್ಳಿ. ಒಬ್ಬರಿಗೆ ತಪ್ಪಿದರೂ ಆಮೇಲೆ ತಕರಾರು ಅರ್ಜಿ ಬರುತ್ತದೆ, ಮತ್ತೆ ಮೊದಲಿನಿಂದ. ಅಳತೆ ದಿನ ಕಲ್ಲು ನೆಡಲು ಕಲ್ಲು ನೀವೇ ತಂದಿರಬೇಕು. ಜಾಲಿ ಮೊದಲೇ ಸವರಿಸಿ. ಇಲ್ಲದಿದ್ದರೆ ಸರ್ವೆಯರ್ ಏರಿ ಮೇಲೆ ನಿಂತು ನೋಡಿ, ಇನ್ನೊಂದು ದಿನ ಬರುತ್ತೇನೆ ಅಂತ ಹೊರಟುಬಿಡುತ್ತಾರೆ.

ರೇಷ್ಮೆಗೂಡು

ಆ ಟೊಮೆಟೊ ಹೊಲದವರು ಈ ಸಲ ಶೀಟು ಎಲ್ಲಿ ಹಾಕಿದ್ದಾರೆ ಅಂತ ನೋಡಿದಿರಾ?

ಮಾಲೂರು ಕಡೆಯವ

ಹೊಲದ ಮೂಲೆಯಲ್ಲಿ ಸುತ್ತಿ ಇಟ್ಟಿದ್ದಾರೆ ಅಕ್ಕ. ತಗೊಳ್ಳುವವರು ಮಾತ್ರ ಇನ್ನೂ ಸಿಕ್ಕಿಲ್ಲ. ಕೋಲಾರದ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ.